ಸೈಲೆನ್ಸರ್ ಹೇಳುವ ಮಾತು



ಇವತ್ತಿನ ಮಾತು ಒಂದು ಕಬ್ಬಿಣದ ಕೊಳವೆಯ ಬಗ್ಗೆ. ನಿಮ್ಮ ಕಾರಿನ ಹೊಟ್ಟೆಯಡಿ, ಎಂಜಿನ್ನಿನಿಂದ ಹಿಂದಿನ ಬಂಪರಿನವರೆಗೆ ಹಾದುಹೋಗುವ ಹೊಗೆ ಕೊಳವೆ. ನಾವೆಲ್ಲ ಒಟ್ಟಾರೆ ‘ಸೈಲೆನ್ಸರ್’ ಅನ್ನುವುದು ಇದಕ್ಕೇ. ಮಳೆಗಾಲ ಬಂತೆಂದರೆ ವೈಪರ್ ಬದಲಿಸುತ್ತೇವೆ, ಟಯರ್ ನೋಡುತ್ತೇವೆ, ಬ್ರೇಕ್ ಸರಿಯಿದೆಯೇ ಎಂದು ಪರೀಕ್ಷಿಸುತ್ತೇವೆ. ಬಗ್ಗಿ ಸೈಲೆನ್ಸರ್ ನೋಡುವವರು ಎಷ್ಟು ಮಂದಿ? ನಾನಂತೂ ನೋಡಿದವಳಲ್ಲ. ಮೈಕಿನ ಮುಂದೆ ಕೂತು ಒಂದು ಕಾಗದ ಸರಿದ ಸದ್ದನ್ನೂ ಗುರುತಿಸುವ ಕೆಲಸ ನನ್ನದು. ಆದರೂ ನನ್ನದೇ ಕಾರು ಎರಡು ತಿಂಗಳು ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಅದನ್ನು ಚಾಲೂ ಮಾಡಿದ ಕೂಡಲೇ ಮುಂಭಾಗದಿಂದ ‘ಟಿಕ್ ಟಿಕ್ ಟಿಕ್’ ಎಂದು ಗಡಿಯಾರ ಓಡಿದ ಹಾಗೆ ಒಂದು ಸಣ್ಣ ಸದ್ದು. ಐದಾರು ನಿಮಿಷದಲ್ಲಿ ತಾನಾಗಿ ನಿಂತುಹೋಗುತ್ತಿತ್ತು. ನಿಂತ ಮೇಲೆ ಚಿಂತೆ ಯಾಕೆ? ಸಾಲದ್ದಕ್ಕೆ ಆಗಷ್ಟೇ ಪಿಯುಸಿ ಮಾಡಿಸಿದ್ದೆ, ಪಾಸೂ ಆಗಿತ್ತು.

ಬೇಸಿಗೆ ರಜೆ ಬಂತು. ಮುಂಬಯಿ ಕನ್ನಡಿಗರಿಗೆ ರಜೆ ಅಂದರೆ ಊರು. ನಸುಕಿನಲ್ಲೇ ಹೊರಟು ಪನ್ವೇಲ್, ಪೇಣ್ ದಾಟಿ ಗೋವಾ ಹೆದ್ದಾರಿ ಹಿಡಿದೆವು. ನಾನೇ ಓಡಿಸುತ್ತಿದ್ದೆ. ಪಕ್ಕದಲ್ಲಿ ನಮ್ಮ ಮನೆಯವರು, ಹಿಂದೆ ಅತ್ತೆ ಮತ್ತು ಆರು ವರ್ಷದ ಮಗ. ನಾಗೋಠಣೆಯ ಹತ್ತಿರ ಒಂದು ಹೊಂಡಕ್ಕೆ ಕಾರು ಇಳಿದು ತಳ ‘ಧಡ್’ ಎಂದಿತು. ಆಮೇಲೆ ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾದ ಹಾಗೆ ಅನಿಸಿತು. ಹಾಡಿನ ಸದ್ದು ಜಾಸ್ತಿ ಮಾಡಿದೆವು. ಮಾಡಿದ ತಪ್ಪುಗಳಲ್ಲಿ ಇದು ಎರಡನೆಯದು.

ಸ್ವಲ್ಪ ಹೊತ್ತಿಗೆ ಮಗ ತಲೆನೋವು ಅಂದ. ಅತ್ತೆಗೂ ಹೊಟ್ಟೆ ತೊಳಸಲು ಶುರುವಾಯಿತು. “ಈ ರಸ್ತೆಯ ಕುಲುಕಾಟಕ್ಕೆ ಎಂಥವರಿಗೂ ಹೀಗೇ ಆಗ್ತದೆ. ಒಂದು ಲಿಂಬೆ ಮೂಸಿದರೆ ಸರಿಯಾದೀತು” ಎಂದು ಅವರೇ ಸಮಾಧಾನ ಹೇಳಿದರು. ಕೋಲಾಡಿನಲ್ಲಿ ಚಹಾಕ್ಕೆ ನಿಂತೆವು. ಹೊರಗಿನ ಗಾಳಿಗೆ ಅರ್ಧ ಗಂಟೆಯಲ್ಲಿ ಇಬ್ಬರಿಗೂ ಹಗುರಾಯಿತು. ಮತ್ತೆ ಗಾಜು ಏರಿಸಿ, ಎಸಿ ಹಾಕಿ ಹೊರಟೆವು. ಮಾಣಗಾಂವ್ ದಾಟುವಷ್ಟರಲ್ಲಿ ತಲೆನೋವು ಮರಳಿತು. ಮಗ ಅತ್ತೆಯ ತೊಡೆಯ ಮೇಲೆ ಮಲಗಿದವನು ಕರೆದರೆ ‘ಹೂಂ’ ಎನ್ನುವುದೂ ಕಡಿಮೆಯಾಯಿತು. ನನಗೂ ಹಣೆ ಬಿಗಿದ ಹಾಗೆ. ಮಹಾಡ್ ಹತ್ತಿರ ರಸ್ತೆ ಬದಿಯ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಸದ್ದಿನ ವಿಷಯ ಕೇಳೋಣ ಎಂದಷ್ಟೇ ನಿಲ್ಲಿಸಿದ್ದು, ತಲೆನೋವಿಗೂ ಸದ್ದಿಗೂ ಸಂಬಂಧ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿದರು, ಬಗ್ಗಿ ನೋಡಿದರು, ಆಮೇಲೆ ಕಾರಿನೊಳಗೆ ಇಣುಕಿದರು. “ಮೊದಲು ಮಗುವನ್ನು ಹೊರಗೆ ತನ್ನಿ” ಎಂದು ಮರಾಠಿಯಲ್ಲಿ ಗದರಿದರು. “ಇದು ನಿದ್ದೆಯಲ್ಲ, ಗ್ಯಾಸ್ ಹಿಡಿದದ್ದು.” ಕೊಳವೆಯ ಮುಂಭಾಗದ ಜೋಡಣೆಯಲ್ಲಿದ್ದ ಗ್ಯಾಸ್ಕೆಟ್ ಸುಟ್ಟು ಒಡೆದಿತ್ತು. ನೇರ ಅದರ ಮೇಲೆ ಕಾರಿನ ತಳದ ಒಂದು ರಬ್ಬರ್ ಬಿರಡೆ ಯಾವಾಗಲೋ ಉದುರಿಹೋಗಿತ್ತು. ಎಂಜಿನ್ನಿನ ಹೊಗೆಗೆ ನಮ್ಮ ಕಾಲಬುಡಕ್ಕೇ ದಾರಿ ಸಿಕ್ಕಿತ್ತು. ಊರಿನ ವೈದ್ಯರೊಬ್ಬರು ಮಗನಿಗೆ ಆಮ್ಲಜನಕ ಕೊಟ್ಟು, ಸಂಜೆಯವರೆಗೆ ನೋಡಿ ಕಳಿಸಿಕೊಟ್ಟರು. ಅವನು ಈಗ ಆರೋಗ್ಯವಾಗಿದ್ದಾನೆ. ಒಡೆದದ್ದು ಕೆಲವು ನೂರು ರೂಪಾಯಿಯ ಒಂದು ಬಳೆಯಂಥ ವಸ್ತು. ಅದು ಎರಡು ತಿಂಗಳಿಂದ ದಿನಾ ಬೆಳಿಗ್ಗೆ ‘ಟಿಕ್ ಟಿಕ್’ ಎಂದು ನನಗೆ ಹೇಳುತ್ತಲೇ ಇತ್ತು.

ಅದಕ್ಕೇ ಇವತ್ತು ಈ ಮಾತು. ಸೈಲೆನ್ಸರ್ ಕೆಟ್ಟರೆ ಸದ್ದು ಜಾಸ್ತಿ, ಅಷ್ಟೇ ಎಂದು ನಾವು ತಿಳಿದಿದ್ದೇವೆ. ಸದ್ದು ತಗ್ಗಿಸುವುದು ಅದರ ಒಂದು ಕೆಲಸ ಮಾತ್ರ. ವಿಷದ ಗಾಳಿಯನ್ನು ನಮ್ಮ ಮೂಗಿನಿಂದ ದೂರ, ಕಾರಿನ ಹಿಂದಕ್ಕೆ ಸಾಗಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಈ ಕೊಳವೆಯ ದಾರಿಯನ್ನು ಒಮ್ಮೆ ನೋಡೋಣ. ಎಂಜಿನ್ನಿನ ಪ್ರತಿ ಸಿಲಿಂಡರಿನ ಹೊಗೆಯನ್ನು ಒಟ್ಟುಗೂಡಿಸುವುದು ಮ್ಯಾನಿಫೋಲ್ಡ್. ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರ್. ಇದರೊಳಗೆ ಜೇನುಹುಟ್ಟಿನಂಥ ಪಿಂಗಾಣಿಯ ಕಣ್ಣುಗಳು, ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ತೆಳುವಾದ ಲೇಪ. ವಿಷದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈ ಆಕ್ಸೈಡ್ ಆಗಿ ಬದಲಿಸುವುದು ಇಲ್ಲಿ. ಕನ್ವರ್ಟರಿನ ಹಿಂದೆ ಮುಂದೆ ಆಕ್ಸಿಜನ್ ಸೆನ್ಸರ್‌ಗಳು ಕಾವಲು ಕೂತಿರುತ್ತವೆ. ಆಮೇಲೆ ಸದ್ದು ಅಡಗಿಸುವ ಮಫ್ಲರ್ ಡಬ್ಬಿ, ಕೊನೆಗೆ ನಮ್ಮ ಕಣ್ಣಿಗೆ ಕಾಣುವ ಟೈಲ್ ಪೈಪ್. ಇಡೀ ಸರಂಜಾಮು ರಬ್ಬರ್ ಹ್ಯಾಂಗರ್‌ಗಳಲ್ಲಿ ತೂಗುತ್ತಿರುತ್ತದೆ. ಮುಂಬಯಿ, ದೆಹಲಿ, ಕೋಲ್ಕತ್ತಾ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ. ಸೀಸ ಬೆರೆತ ಪೆಟ್ರೋಲ್ ಕನ್ವರ್ಟರನ್ನು ಹಾಳುಗೆಡವುವ ಕಾರಣ ಸೀಸವಿಲ್ಲದ ಪೆಟ್ರೋಲ್ ಬಂದದ್ದೂ ಅದರ ಜೊತೆಗೇ. 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದ ನಮ್ಮ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಕೆಟ್ಟರೆ ಇಡೀ ಗಲ್ಲಿಗೆ ಗೊತ್ತಾಗುತ್ತಿತ್ತು. ಇವತ್ತಿನ ಕಾರು ಪಿಸುಮಾತಿನಲ್ಲಿ ದೂರು ಹೇಳುತ್ತದೆ. ಕೇಳಲು ನಾವು ಕಿವಿ ಕೊಡಬೇಕು.

ಮೊದಲು ಕಿವಿಯ ಪರೀಕ್ಷೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೋ, ಎಸಿ ಎರಡನ್ನೂ ಆರಿಸಿ (ಹೌದು, ರೇಡಿಯೋದವಳೇ ಹೇಳುತ್ತಿದ್ದೇನೆ!) ಕಾರು ಚಾಲೂ ಮಾಡಿ. ಮುಂಭಾಗದಿಂದ ‘ಟಿಕ್ ಟಿಕ್’ ಬಂದು, ಬಿಸಿಯಾದ ಮೇಲೆ ನಿಂತರೆ ಮ್ಯಾನಿಫೋಲ್ಡ್ ಬಳಿ ಅಥವಾ ಮೊದಲ ಜೋಡಣೆಯಲ್ಲಿ ಸೋರಿಕೆ ಇರಬಹುದು. ಕಾದ ಲೋಹ ಹಿಗ್ಗಿ ಬಿರುಕನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಸದ್ದು ನಿಂತಿತು ಎಂದರೆ ರೋಗ ವಾಸಿಯಾಯಿತು ಎಂದಲ್ಲ. ತಳದಿಂದ ತಗಡು ನಡುಗಿದಂಥ ಸದ್ದು, ಅದೂ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬಂದರೆ, ಬಿಸಿ ತಡೆಯುವ ಹೀಟ್ ಶೀಲ್ಡಿನ ಬೋಲ್ಟ್ ಸಡಿಲಾಗಿರುತ್ತದೆ. ಹಂಪ್ ದಾಟುವಾಗ ‘ಧಡ್’ ಎಂದರೆ ರಬ್ಬರ್ ಹ್ಯಾಂಗರ್ ಹರಿದಿದೆ. ಡಬ್ಬಿಯೊಳಗೆ ಕಲ್ಲು ಅಲುಗಾಡಿಸಿದ ಹಾಗೆ ಕೇಳಿದರೆ ಕನ್ವರ್ಟರಿನ ಪಿಂಗಾಣಿ ಒಡೆದಿರಬಹುದು. ಗಂಟಲು ಕಟ್ಟಿದವರ ಹಾಗೆ ದಪ್ಪ ಗುಡುಗು ಕೇಳಿದರೆ ಮಫ್ಲರಿಗೆ ಅಥವಾ ಕೊಳವೆಗೆ ತೂತು ಬಿದ್ದಿದೆ.

ಸೋರಿಕೆ ಹುಡುಕಲು ಗ್ಯಾರೇಜಿನವರು ಮಾಡುವ ಒಂದು ಸುಲಭ ಉಪಾಯ ಇದೆ. ಬಯಲು ಜಾಗದಲ್ಲಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಒಬ್ಬರು ಮಡಚಿದ ದಪ್ಪ ಒದ್ದೆ ಬಟ್ಟೆಯನ್ನು ಟೈಲ್ ಪೈಪಿನ ಬಾಯಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಬೇಕು, ಮುಖ ಪಕ್ಕಕ್ಕಿರಲಿ. ಕೊಳವೆ ಗಟ್ಟಿಯಿದ್ದರೆ ಒಳಗಿನ ಒತ್ತಡ ಬಟ್ಟೆಯನ್ನು ಹೊರಗೆ ತಳ್ಳುತ್ತದೆ. ನಡುವೆ ಎಲ್ಲೋ ‘ಸುಸ್’ ಎಂದರೆ ಅಲ್ಲೇ ತೂತು. ಮೆಕ್ಯಾನಿಕ್ ಕಾರನ್ನು ರ‍್ಯಾಂಪಿಗೆ ಏರಿಸಿದಾಗ ಜೋಡಣೆಗಳಿಗೆ ಸಾಬೂನು ನೀರು ಬಳಿಯಲು ಹೇಳಿ, ಸೋರುವಲ್ಲಿ ಗುಳ್ಳೆ ಏಳುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆ ಇದ್ದರೂ ಅದು ಸೋರಿಕೆಯ ಗುರುತೇ. ಬರೀ ಜಾಕ್ ನಂಬಿ ನೀವಾಗಿ ಕಾರಿನಡಿ ನುಸುಳಬೇಡಿ. ಓಡಿಬಂದ ಕಾರಿನ ಕೊಳವೆ ಮುಟ್ಟಬೇಡಿ, ಕೈ ಸುಟ್ಟುಬಿಡುತ್ತದೆ.

ಇನ್ನು ಕಣ್ಣಿನ ಪರೀಕ್ಷೆ. ಬೆಳಿಗ್ಗೆ ಟೈಲ್ ಪೈಪಿನಿಂದ ತೆಳು ಬಿಳಿ ಆವಿ ಬಂದು, ನಾಲ್ಕು ಹನಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಓಡುವಾಗ ಅದು ಆವಿಯಾಗಿ ಹೋಗುತ್ತದೆ. ಆದರೆ ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಮನೆ ಎಂದು ದಿನಾ ಎರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಕೊಳವೆ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರು ಮಫ್ಲರಿನಲ್ಲೇ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಮುಂಬಯಿಯ ಸೈಲೆನ್ಸರಿಗೆ ಎರಡೂ ಕಡೆಯಿಂದ ಏಟು. ಸಿಎನ್‌ಜಿ ಉರಿದಾಗ ಹುಟ್ಟುವ ನೀರು ಇನ್ನೂ ಹೆಚ್ಚು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಕೊಳವೆ ಒಣಗುತ್ತದೆ. ಅಂದ ಹಾಗೆ, ಕೆಲವು ಕಾರುಗಳ ಮಫ್ಲರಿನ ತಳದಲ್ಲಿ ನೀರಿಳಿಯಲು ತಯಾರಕರೇ ಒಂದು ಪುಟ್ಟ ತೂತು ಇಟ್ಟಿರುತ್ತಾರೆ. ಅದನ್ನು ತುಕ್ಕಿನ ತೂತು ಎಂದು ಬೆಸುಗೆ ಹಾಕಿಸಬೇಡಿ.

ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಸಿಹಿ ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲಂಟ್ ಎಂಜಿನ್ ಒಳಗೆ ಹೋಗುತ್ತಿದೆ ಎಂದರ್ಥ. ಕಾರು ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ಇಂಧನ ಹೆಚ್ಚು, ಗಾಳಿ ಕಡಿಮೆಯಾದದ್ದು ಕಾರಣ. ಮೊದಲು ಏರ್ ಫಿಲ್ಟರ್ ನೋಡಿಸಿ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರಿನಲ್ಲಿ ಮಸಿ ಸೋಸುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಊರೊಳಗಿನ ಟ್ರಾಫಿಕ್ಕಿನಲ್ಲೇ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗ ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ. ದೀಪವನ್ನು ಅಲಕ್ಷ್ಯ ಮಾಡಿದರೆ ದೊಡ್ಡ ಬಿಲ್ಲು ಕಾದಿರುತ್ತದೆ.

ದೀಪದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರ. ಚೆಕ್ ಎಂಜಿನ್ ದೀಪ ಹತ್ತಿದಾಗ ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ‘ಪಿ 0420’ ಎಂಬ ಕೋಡ್ ತೋರಿಸಿ, “ಕನ್ವರ್ಟರ್ ಹೋಯಿತು, ಹೊಸದು ಹಾಕಬೇಕು” ಅನ್ನಬಹುದು. ಕೋಡ್ ಹೇಳುವುದು ‘ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ಸೆನ್ಸರಿಗೆ ಅನಿಸುತ್ತಿದೆ’ ಎಂದಷ್ಟೇ. ಸೆನ್ಸರಿನ ಹತ್ತಿರ ಕೊಳವೆ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ಮೋಸಹೋಗುತ್ತದೆ. ಗಾಳಿ ಹೆಚ್ಚಾಯಿತೆಂದು ಬಗೆದು ಕಾರಿನ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ. ಆದ್ದರಿಂದ ಮೊದಲು ಸೋರಿಕೆ, ಆಮೇಲೆ ಸೆನ್ಸರ್, ಕಡೆಗೆ ಕನ್ವರ್ಟರ್ ಎಂಬ ಕ್ರಮದಲ್ಲಿ ನೋಡಲು ಹೇಳಿ. ಕನ್ವರ್ಟರ್ ನಿಜಕ್ಕೂ ಕಟ್ಟಿಕೊಂಡಿದ್ದರೆ ಕಾರು ಏರು ಹತ್ತುವಾಗ ಉಸಿರು ಕಟ್ಟಿದವರಂತೆ ಏದುಸಿರು ಬಿಡುತ್ತದೆ. ಆಕ್ಸಿಲರೇಟರ್ ತುಳಿದರೂ ವೇಗ ಏರುವುದಿಲ್ಲ. ಬದಲಿಸಬೇಕಾಗಿ ಬಂದರೆ ಹಳೆಯದನ್ನು ಕೇಳಿ ಪಡೆದುಕೊಳ್ಳಿ. ಅದರೊಳಗಿನ ಲೋಹಕ್ಕೆ ಬೆಲೆ ಇದೆ.

ಮೂರನೆಯದು ಮೂಗು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕನ್ವರ್ಟರ್ ಅಥವಾ ಇಂಧನದ ಪ್ರಮಾಣದಲ್ಲಿ ಏರುಪೇರಾಗಿದೆ. ಸಿಎನ್‌ಜಿ ಕಾರಿನಲ್ಲಿ ಅಡುಗೆ ಗ್ಯಾಸಿನಂಥ ವಾಸನೆ ಬಂದರೆ ಅದು ಸೈಲೆನ್ಸರಿನದ್ದಲ್ಲ, ಗ್ಯಾಸೇ ಸೋರುತ್ತಿದೆ. ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ. ಕಾರಿನೊಳಗೆ ಹೊಗೆಯ ವಾಸನೆ ಯಾವ ಕಾರಣಕ್ಕೂ ಬರಬಾರದು. ಬಂದರೆ ಅವತ್ತೇ ತೋರಿಸಬೇಕು, ‘ಭಾನುವಾರ ನೋಡೋಣ’ ಅನ್ನುವಂತಿಲ್ಲ.

ಆದರೆ ಮಿತ್ರರೇ, ಕಿವಿಗೂ ಕಣ್ಣಿಗೂ ಮೂಗಿಗೂ ಸಿಗದ ಒಂದು ಇದೆ. ಅದೇ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೇವೆ, ಆದರೆ ಮೈಗೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಆಮೇಲೆ ನಿದ್ದೆ. ಎಲ್ಲವೂ ಪ್ರಯಾಣದ ಆಯಾಸದಂತೆಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಇದನ್ನು ಪತ್ತೆಹಚ್ಚಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕಾರಿನಲ್ಲಿದ್ದ ಒಬ್ಬರಿಗಿಂತ ಹೆಚ್ಚು ಜನರಿಗೆ ಹೀಗಾಗುತ್ತಿದೆಯೇ? ಹೊರಗೆ ನಿಂತರೆ ಕಡಿಮೆಯಾಗಿ, ಒಳಗೆ ಕೂತರೆ ಮರಳುತ್ತಿದೆಯೇ? ಹೌದಾದರೆ ಅದು ರಸ್ತೆಯ ಕುಲುಕಾಟವಲ್ಲ. ಗಾಜು ಇಳಿಸಿ, ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಕೋಲಾಡಿನ ಚಹಾದಂಗಡಿಯಲ್ಲಿ ನನಗೆ ಉತ್ತರ ಸಿಕ್ಕಿತ್ತು, ಪ್ರಶ್ನೆ ಗೊತ್ತಿರಲಿಲ್ಲ.

“ಪಿಯುಸಿ ಪಾಸಾಗಿತ್ತಲ್ಲ?” ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ. ಬಿಎಸ್-4, ಬಿಎಸ್-6 ಕಾರುಗಳಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ ಪಿಯುಸಿ ಬೇಕು. ಇಲ್ಲದಿದ್ದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ತಪ್ಪದೆ ಮಾಡಿಸಿ. ಆದರೆ ಪಂಪಿನಲ್ಲಿ ಪರೀಕ್ಷಕರು ನಳಿಗೆ ತೂರಿಸುವುದು ಟೈಲ್ ಪೈಪಿನ ಬಾಯಿಗೆ. ಕೊನೆಯಲ್ಲಿ ಹೊರಬಂದ ಹೊಗೆಯನ್ನಷ್ಟೇ ಅದು ಅಳೆಯುತ್ತದೆ. ನಡುದಾರಿಯಲ್ಲಿ ಸೋರಿದ್ದು ಅದಕ್ಕೆ ಕಾಣದು. ಮೇಲಾಗಿ ತೂತಿನಿಂದ ಒಳಬಂದ ಗಾಳಿ ಹೊಗೆಯನ್ನು ತೆಳುವಾಗಿಸಿ ಅಂಕಿಯನ್ನು ಇನ್ನೂ ಚೆನ್ನಾಗಿ ತೋರಿಸಬಹುದು. ಪಿಯುಸಿ ಚೀಟಿ ಊರಿನ ಗಾಳಿಗಾಗಿ ಇರುವುದು. ಕಾರಿನೊಳಗಿನ ಗಾಳಿಗೆ ನೀವೇ ಕಾವಲು.

ಇದರ ಜೊತೆಗೆ ಕೆಲವು ಅಭ್ಯಾಸಗಳು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಎಂಜಿನ್ ಚಾಲೂ ಇಟ್ಟು ಹರಟೆ ಹೊಡೆಯಬೇಡಿ. ಎಸಿ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಬೇಡಿ, ಮದುವೆ ಮಂಟಪದ ಹೊರಗೆ ಕಾಯುವ ನಿಮ್ಮ ಡ್ರೈವರಿಗೂ ಇದನ್ನು ಹೇಳಿ. ಸಾಮಾನು ಹಿಡಿಸಲಿಲ್ಲ ಎಂದು ಡಿಕ್ಕಿ ತೆರೆದಿಟ್ಟುಕೊಂಡು ಓಡಿಸಬೇಡಿ, ಹಿಂದಿನ ಹೊಗೆ ಸುಳಿಯಾಗಿ ಒಳಗೇ ಬರುತ್ತದೆ.

ಮುಂಬಯಿಯಲ್ಲಿ ಈ ಮಾತು ಆಡುವಾಗ 2005ರ ಜುಲೈ 26 ನೆನಪಾಗದೆ ಇರದು. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಗಾಜು ಏರಿಸಿಕೊಂಡು ಕಾರಿನಲ್ಲೇ ಕೂತು ನೀರಿಳಿಯಲಿ ಎಂದು ಕಾದವರಲ್ಲಿ ಹಲವರು ಉಸಿರುಗಟ್ಟಿ ಅಥವಾ ಮುಳುಗಿ ಪ್ರಾಣ ಬಿಟ್ಟರು. ಆಮೇಲೆ ಎಷ್ಟೋ ಮಂದಿ ಕಾರಿನಲ್ಲಿ ಒಂದು ಸುತ್ತಿಗೆ ಇಟ್ಟುಕೊಳ್ಳತೊಡಗಿದರು. 2017ರ ಆಗಸ್ಟ್ 29ರ ಮಳೆಯಲ್ಲೂ ಸಯನ್ ಹತ್ತಿರ ನೀರಿನಲ್ಲಿ ಸಿಕ್ಕಿದ್ದ ಕಾರಿನೊಳಗೆ ಒಬ್ಬ ಯುವಕ ಶವವಾಗಿ ಸಿಕ್ಕಿದ. ಹಿಂದ್‌ಮಾತಾ ಇರಲಿ, ಅಂಧೇರಿ ಸಬ್‌ವೇ ಇರಲಿ, ನೀರು ಟೈಲ್ ಪೈಪಿನ ಮಟ್ಟಕ್ಕೆ ಏರುತ್ತಿದೆ ಎಂದರೆ ಕಾರಿನೊಳಗೆ ಕಾಯುವ ಹೊತ್ತು ಮುಗಿಯಿತು. ಎಂಜಿನ್ ಆರಿಸಿ, ಬಾಗಿಲು ತೆರೆಯುವಾಗಲೇ ತೆರೆದು, ಎತ್ತರದ ಜಾಗಕ್ಕೆ ನಡೆಯಿರಿ. ಬಾಗಿಲು ಜಾಮ್ ಆದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಸುಲಭಕ್ಕೆ ಒಡೆಯದು. ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಹೋಗಬೇಡಿ. ಒಳಗೆ ನೀರು ಹೋಗಿದ್ದರೆ ಎಂಜಿನ್ ಮುರಿದೇ ಹೋಗುತ್ತದೆ. ಕಾರಿಗೆ ವಿಮೆ ಇದೆ, ಇನ್ನೊಂದು ಕೊಳ್ಳಬಹುದು.

ನಾಳೆ ಬೆಳಿಗ್ಗೆ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ಕಾರು ಚಾಲೂ ಮಾಡಿ, ರೇಡಿಯೋ ಆರಿಸಿ, ಬಾನೆಟ್ ಎತ್ತಿ ಕಿವಿಗೊಟ್ಟು ನಿಲ್ಲಿ. ಏನೂ ಕೇಳದಿದ್ದರೆ ಸಂತೋಷ. ಏನಾದರೂ ಕೇಳಿಸಿದರೆ ನಿಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ, “ಸದ್ದು ಬರ್ತದೆ” ಎಂದಷ್ಟೇ ಹೇಳದೆ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಮುಂದೆಯೋ ಹಿಂದೆಯೋ, ನಿಂತಾಗಲೋ ಓಡುವಾಗಲೋ ಎಂದು ಬಿಡಿಸಿ ಹೇಳಿ. ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತದೆ.

ನಮ್ಮ ಕಾರಿಗೆ ಈಗ ಹೊಸ ಗ್ಯಾಸ್ಕೆಟ್ ಇದೆ, ತಳಕ್ಕೆ ಹೊಸ ಬಿರಡೆ ಇದೆ. ಮಗ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವಾಗ, “ಅಮ್ಮಾ, ಟಿಕ್ ಟಿಕ್ ಇಲ್ಲ” ಎಂದು ಕೇಳಿಸಿಕೊಂಡೇ ಒಳಗೆ ಹತ್ತುತ್ತಾನೆ.

ಸುರಕ್ಷಿತವಾಗಿ ಊರಿಗೆ ಹೋಗಿ ಬನ್ನಿ.